ಅಂಗಡಿಯ ಜಗಲಿಯೂ ಊರಿನ ವಾಲಗವೂ

ಕಲೆಗೆ ಆಶ್ರಯ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸು ಅರಮನೆಯ ಕಡೆಗೆ ಓಡುತ್ತದೆ. ಅಲ್ಲಿಂದ ಹಿಂದಿರುಗಿದರೆ ದೇವಸ್ಥಾನದ ಪ್ರಾಕಾರದಲ್ಲಿ ತಂಗುತ್ತದೆ. ಅಲ್ಲಿಯೂ ನಿಲ್ಲದಿದ್ದರೆ ಬೆಂಗಳೂರಿನ ಕನ್ನಡ ಭವನದ ಮೆಟ್ಟಿಲು ಹತ್ತಿ ಅರ್ಜಿಯ ನಮೂನೆಯೊಂದನ್ನು ಕೈಗೆತ್ತಿಕೊಳ್ಳುತ್ತದೆ. ಈ ಮೂರು ದೊಡ್ಡ ಬಾಗಿಲುಗಳ ನಡುವೆ ಒಂದು ಚಿಕ್ಕ ಬಾಗಿಲೂ ಉಂಟು. ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸಿ, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ದಿನವೂ ತೆರೆಯುವ ಬಾಗಿಲು. ಅದು ಅಂಗಡಿಯದು. ಬಯಲಿನಲ್ಲಿ ನಿಂತು ಬಾರಿಸುವ, ಊದುವ, ಹಾಡುವ ನಮ್ಮ ಊರೂರಿನ ಮೇಳಗಳಿಗೆ ಇಂದು ಉಳಿದಿರುವ ನಿಜವಾದ ಆಶ್ರಯ ಇದೇ ಎಂದು ನಾನು ವಾದಿಸಬಯಸುತ್ತೇನೆ. ಸಹಪಾಠಿಗಳು ನಕ್ಕರೂ ಚಿಂತೆಯಿಲ್ಲ; ಪೂಜ್ಯ ಅಧ್ಯಾಪಕರು ಕೊನೆಯವರೆಗೆ ಓದಿ ಆಮೇಲೆ ನಗಬೇಕೆಂದು ಮಾತ್ರ ಪ್ರಾರ್ಥನೆ.

ಅರಮನೆಯ ಉಪಕಾರವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಮೈಸೂರಿನ ಅರಮನೆಯಲ್ಲಿ 1868ರಲ್ಲಿ ಪಾಶ್ಚಾತ್ಯ ಬ್ಯಾಂಡ್ ಹುಟ್ಟಿತು. ಕರ್ನಾಟಕ ಸಂಗೀತದ ವಾದ್ಯವೃಂದವೂ ಅಲ್ಲಿ ಬೆಳೆಯಿತು. ರಾಜ್ಯಗಳು ಹೋದ ಮೇಲೆ ಆ ಪರಂಪರೆ ಪೊಲೀಸ್ ಇಲಾಖೆಯ ಪಾಲಿಗೆ ಬಂದಿತು. ದಸರೆಯಲ್ಲಿ ಇಂದಿಗೂ ಅದನ್ನು ಕೇಳಬಹುದು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೂ ಲಾಲ್‌ಬಾಗಿನಲ್ಲಿಯೂ ಬ್ಯಾಂಡಿನವರು ನಿಂತು ನುಡಿಸಲೆಂದೇ ಕಟ್ಟಿದ ಮಂಟಪಗಳಿವೆ. ಇವೆಲ್ಲ ದೊಡ್ಡವರು ಮಾಡಿದ ದೊಡ್ಡ ಕೆಲಸ. ಆದರೆ ಮಂಟಪದಲ್ಲಿ ನಿಲ್ಲುವವನು ಸಂಬಳದ ನೌಕರ. ಅವನಿಗೆ ಸಮವಸ್ತ್ರವಿದೆ, ತಿಂಗಳ ಮೊದಲ ತಾರೀಖಿದೆ. ನಮ್ಮ ಸೀಮೆಯ ತಮಟೆಯವನಿಗೆ ಎರಡೂ ಇಲ್ಲ.

ಇನ್ನು ಪೇಟೆಯ ಮಾತು. 1939ರಲ್ಲಿ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಶ್ರೀ ರಾಮಸೇವಾ ಮಂಡಳಿಯನ್ನು ಸ್ಥಾಪಿಸಿದಾಗ ಅದಕ್ಕೆ ಅರಮನೆಯ ದರ್ಬಾರು ಹಾಲ್ ಇರಲಿಲ್ಲ. ಆ ರಾಮನವಮಿಯ ಉತ್ಸವ ಬೆಳೆದು ಕೋಟೆ ಹೈಸ್ಕೂಲಿನ ಬಯಲಿಗೆ ಬಂದಿತು. ಚೆಂಬೈಯವರೂ ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಅಲ್ಲಿ ಹಾಡಿದರು. ಟಿಕೆಟ್ಟು ಕೊಂಡವರು ಚಪ್ಪರದೊಳಗೆ, ಕೊಳ್ಳಲಾರದವರು ಹೊರಗೆ ರಸ್ತೆಯಲ್ಲಿ. ಕಿವಿಗೆ ಬೇಲಿ ಇಲ್ಲವಲ್ಲ! ಮೈಸೂರಿನ ಒಂಟಿಕೊಪ್ಪಲಿನ ಎಂಟನೆಯ ಅಡ್ಡರಸ್ತೆಯಲ್ಲಿ 1962ರಲ್ಲಿ ಆರಂಭವಾದ ಗಣಪತಿ ಉತ್ಸವದ ಕಚೇರಿಗಳೂ ಇಂಥವೇ, ಬೀದಿಯೇ ಸಭಾಂಗಣ. ಈ ಬಗೆಯ ಬೀದಿಯ ಚಪ್ಪರಗಳು ಏತರಿಂದ ನಿಂತಿವೆ ಎಂದು ಯಾವ ಊರಿನಲ್ಲಾದರೂ ವಂತಿಗೆಯ ಪುಸ್ತಕವನ್ನು ತೆರೆದು ನೋಡಿ. ಜವಳಿ ಅಂಗಡಿ, ಪಾತ್ರೆ ಅಂಗಡಿ, ಕಾಫಿಪುಡಿಯ ಅಂಗಡಿ, ಗಂಧಿಗೆ ಅಂಗಡಿ—ಇವುಗಳ ಹೆಸರೇ ಪುಟ ತುಂಬ. ಐವತ್ತೊಂದು, ನೂರೊಂದು, ಐನೂರೊಂದು. ಆ ಕೊನೆಯ ಒಂದು ರೂಪಾಯಿಗಳನ್ನೆಲ್ಲ ಕೂಡಿಸಿದರೇ ಒಬ್ಬ ಮೃದಂಗದವರ ಸಂಭಾವನೆ ಆದೀತು.

ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ. ನಮ್ಮೂರ ಹೆಸರು ಇತಿಹಾಸದ ಅಧ್ಯಾಪಕರಿಗೆ ಹೊಸದಲ್ಲ. 2001ರಲ್ಲಿಯೂ 2004ರಲ್ಲಿಯೂ ಬೆಂಗಳೂರು ವಿಶ್ವವಿದ್ಯಾನಿಲಯದವರು ಅಲ್ಲಿ ಅಗೆದಾಗ ಬೌದ್ಧರ ಚೈತ್ಯವೂ ವಿಹಾರವೂ ಮಣ್ಣಿನೊಳಗಿಂದ ಎದ್ದುಬಂದವು. ಅವುಗಳ ಜೊತೆಗೆ ಅಂಗೈಯಲ್ಲಿ ಹಿಡಿಯಬಹುದಾದ ಹರಕೆಯ ಮಣ್ಣಿನ ಸ್ತೂಪಗಳು ರಾಶಿರಾಶಿಯಾಗಿ ದೊರೆತವು. ಪರೀಕ್ಷೆಗೆ ಬರುವ ವಿಷಯ ಅಷ್ಟೇ. ನನಗೆ ಮಾತ್ರ ಆ ಪುಟ್ಟ ಸ್ತೂಪಗಳನ್ನು ನೆನೆದಾಗಲೆಲ್ಲ ದೊಡ್ಡ ವಿಹಾರಕ್ಕೆ ಬಂದುಹೋದ ಚಿಕ್ಕ ಜನರ ನೆನಪಾಗುತ್ತದೆ. ಭೂಮಿಯನ್ನು ದತ್ತಿ ಬಿಟ್ಟವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಒಂದು ಹಿಡಿ ಮಣ್ಣಿನಷ್ಟು ಕೊಟ್ಟವರ ಹೆಸರು ಉಳಿಯುವುದಿಲ್ಲ. ಅಂಗಡಿಯವನು ಈ ಎರಡನೆಯ ಜಾತಿಗೆ ಸೇರಿದವನು.

ನಾನು ಹೇಳುವ ಅಂಗಡಿ ಒಂದು ಚಿಲ್ಲರೆ ಅಂಗಡಿ. ಹೆಸರನ್ನು ಬರೆಯುವುದಿಲ್ಲ. ಬರೆದರೆ ಅಂಗಡಿಯಣ್ಣ ನಾಚಿಕೊಂಡು ನನಗೆ ಉದ್ರಿ ನಿಲ್ಲಿಸುವ ಸಂಭವವುಂಟು. ಮುಂದೆ ಎರಡು ಮಾರು ಉದ್ದದ ಕಲ್ಲುಚಪ್ಪಡಿಯ ಜಗಲಿ. ಅದರ ಮುಂದೆ ಬಸ್ಸು ತಿರುಗುವಷ್ಟು ಬಯಲು. ಹಬ್ಬದ ಆಸುಪಾಸಿನಲ್ಲಿ, ಶ್ರಾವಣದ ಶನಿವಾರಗಳಲ್ಲಿ, ಸುಗ್ಗಿ ಮುಗಿದ ಮೇಲೆ ಒಮ್ಮೊಮ್ಮೆ ಸುಮ್ಮನೆಯೂ, ಸಂಜೆ ದೀಪ ಹೊತ್ತಿದ ಮೇಲೆ ಆ ಜಗಲಿಯ ಮೇಲೆ ಜಮಖಾನ ಬೀಳುತ್ತದೆ. ಒಂದು ದಿನ ಭಜನೆಯವರು: ಹಾರ್ಮೋನಿಯಂ, ತಬಲ, ನಾಲ್ಕು ಜೊತೆ ತಾಳ. ಇನ್ನೊಂದು ದಿನ ನಾಲ್ವರು ತಮಟೆಯವರು ಬಯಲಿನಲ್ಲಿ. ಮತ್ತೊಂದು ದಿನ ವಾಲಗದ ಜೋಡಿ, ಡೋಲಿನವನೊಡನೆ. ಊರಿನಲ್ಲಿ ಕುರುಕ್ಷೇತ್ರ ನಾಟಕದ ತಾಲೀಮು ನಡೆಯುವ ತಿಂಗಳಾದರೆ ಹಾರ್ಮೋನಿಯಂ ಮೇಷ್ಟ್ರು ತಮ್ಮ ದುರ್ಯೋಧನ, ಭೀಮರನ್ನು ಕರೆತಂದು ಕಂದ, ಸೀಸಗಳನ್ನು ಹಾಡಿಸಿ ನೋಡುವುದೂ ಅಲ್ಲಿಯೇ. ಭೀಮನು ಅರ್ಧದಲ್ಲಿ ಎದ್ದು ಹಸುವಿಗೆ ಹಿಂಡಿ ಕಟ್ಟಿಸಿಕೊಂಡು ಮನೆಗೆ ಹೋದದ್ದನ್ನೂ ನಾನು ಕಂಡಿದ್ದೇನೆ.

ಇದಕ್ಕೆ ತಗಲುವ ಖರ್ಚನ್ನು ನಾನು ಕೇಳಿ ತಿಳಿದುಕೊಂಡೆ. ತಮಟೆಯವರು ನಾಲ್ವರು, ತಲೆಗೆ ಮುನ್ನೂರರಂತೆ 1,200 ರೂಪಾಯಿ. ಕಾಫಿ, ಮಂಡಕ್ಕಿ, ಬೋಂಡ ಸೇರಿ ಇನ್ನೊಂದು ಇನ್ನೂರು. ಒಂದು ದೊಡ್ಡ ಬಲ್ಬು, ಅದು ಅಂಗಡಿಯದೇ. ಅಂಗಡಿಯಣ್ಣ ಈ ಲೆಕ್ಕವನ್ನು ಬೆಲ್ಲ, ಕಡಲೆ, ಸೀಗೆಪುಡಿಗಳ ಲೆಕ್ಕದ ಪುಸ್ತಕದಲ್ಲಿಯೇ ‘ವಾದ್ಯ’ ಎಂದು ತಲೆಬರಹ ಕೊಟ್ಟು ಬರೆಯುತ್ತಾನೆ. ಧರ್ಮದ ಲೆಕ್ಕದಲ್ಲಿ ಅಲ್ಲ, ದೇವರ ಲೆಕ್ಕದಲ್ಲಿ ಅಲ್ಲ, ವ್ಯಾಪಾರದ ಲೆಕ್ಕದಲ್ಲಿ. “ಇದೇನಣ್ಣ, ಇದರಲ್ಲಿ ಬರೀತೀಯ?” ಎಂದದ್ದಕ್ಕೆ, “ಕೂಲಿ ಕೊಟ್ಟದ್ದಲ್ವೇನಪ್ಪ, ದಾನ ಮಾಡಿದ್ದಾ?” ಎಂದು ತಿರುಗಿ ಕೇಳಿದ.

ಈ ಒಂದು ಮಾತು ನನಗೆ ಬಹಳ ದೊಡ್ಡದಾಗಿ ತೋರಿತು. ನಮ್ಮ ಸೀಮೆಯಲ್ಲಿ ತಮಟೆಗೂ ಕೂಲಿಗೂ ಇದ್ದ ಸಂಬಂಧ ಏನೆಂಬುದು ಹಳ್ಳಿಯಿಂದ ಬಂದ ಮಿತ್ರರಿಗೆ ನಾನು ಹೇಳಬೇಕಾಗಿಲ್ಲ. ತಮಟೆಯಿಲ್ಲದೆ ದೇವರು ಗುಡಿ ಬಿಟ್ಟು ಹೊರಡುವುದಿಲ್ಲ, ಹೆಣ ಮನೆ ಬಿಟ್ಟು ಹೊರಡುವುದಿಲ್ಲ. ಆದರೆ ತಮಟೆ ಹೊಡೆಯುವವನು ಗುಡಿಯ ಒಳಕ್ಕೂ ಮನೆಯ ಒಳಕ್ಕೂ ಬರತಕ್ಕದ್ದಲ್ಲ ಎಂದು ತಲೆತಲಾಂತರದಿಂದ ನಡೆದುಬಂದಿತು. ಕೊಟ್ಟದ್ದು ಮೊರದ ತುದಿಯಿಂದ ಬಿದ್ದ ಕಾಳು, ಕೆಲವೆಡೆ ತೆಂಗಿನಕಾಯಿಯ ಒಂದು ಹೋಳು. ಅದು ‘ಪದ್ಧತಿ’, ಕೇಳುವಂತಿಲ್ಲ, ಬೇಡವೆನ್ನುವಂತಿಲ್ಲ, ಹೊಡೆಯುವುದಿಲ್ಲವೆನ್ನುವಂತೆಯೂ ಇಲ್ಲ. ಈ ಬಿಟ್ಟಿಯ ನೆನಪಿನಿಂದಲೇ ಎಷ್ಟೋ ಮನೆಗಳಲ್ಲಿ ಓದಿದ ಮಕ್ಕಳು ತಮಟೆಯನ್ನು ಅಟ್ಟಕ್ಕೆ ಏರಿಸಿದರು. ಅವರು ಮಾಡಿದ್ದು ಸರಿಯೇ. ಯಾವ ಕಲೆಯೂ ಮನುಷ್ಯನ ಮಾನಕ್ಕಿಂತ ದೊಡ್ಡದಲ್ಲ; ‘ನಮ್ಮ ಜಾನಪದ ಸಂಪತ್ತು ನಾಶವಾಗುತ್ತಿದೆ’ ಎಂದು ವೇದಿಕೆಯ ಮೇಲೆ ಮರುಗುವ ಮಹನೀಯರು ತಮ್ಮ ಮಗನ ಕೊರಳಿಗೆ ತಮಟೆ ತಗುಲಿಸಿದ್ದನ್ನು ನಾನಂತೂ ಕಂಡಿಲ್ಲ.

ಆದಕಾರಣ, ಮೊದಲೇ ಮಾತಾಡಿದ ಮೊತ್ತವನ್ನು ಎಣಿಸಿ ಕೈಗೆ ಕೊಟ್ಟು, ಎಲ್ಲರೂ ಕುಡಿಯುವ ಲೋಟದಲ್ಲಿಯೇ ಕಾಫಿ ಕೊಟ್ಟು, ಎಲ್ಲರೂ ಕೂಡುವ ಜಗಲಿಯ ಮೇಲೆಯೇ ಕೂರಿಸಿ ವಾದ್ಯ ನುಡಿಸಿಸುವ ಅಂಗಡಿ ಒಂದು ಹೊಸ ಸಂಗತಿ. ಅಲ್ಲಿ ವಾದ್ಯಗಾರನು ಬೇಡವೆನ್ನಲೂ ಬಹುದು. ಬೇಡವೆನ್ನಬಲ್ಲವನು ಬಾರಿಸುವ ತಮಟೆಯ ಧ್ವನಿಯೇ ಬೇರೆ. ಬಯಲಿನ ಬದಿಯಲ್ಲಿ ಹುಲ್ಲುರಿ ಹಚ್ಚಿ, ಚರ್ಮವನ್ನು ಬಿಸಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಹಿಡಿದು, ಬಲಗೈಯ ಗಿಡ್ಡ ಕೋಲು ಎಡಗೈಯ ತೆಳುಕೋಲಿಗೆ ಮಾತು ಹೇಳಿಕೊಡುವುದನ್ನು ಹತ್ತಿರದಿಂದ ನೋಡಿದವರಿಗೆ ಅದು ‘ಸದ್ದು’ ಎನಿಸದು. ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆಂದು ಈಗ ಅನೇಕರು ಪ್ಲಾಸ್ಟಿಕ್ ಹಾಳೆ ಬಿಗಿದ ತಮಟೆ ಇಟ್ಟುಕೊಂಡಿದ್ದಾರೆ. ಅದಕ್ಕೆ ಬೆಂಕಿ ಬೇಡ, ಧ್ವನಿಯೂ ಅಷ್ಟಕ್ಕಷ್ಟೆ. ಚಿಂತಾಮಣಿಯ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂದಿತು. ನಮ್ಮ ನೆರೆಯ ಜಿಲ್ಲೆಗೆ ಸಂದ ಗೌರವ; ಎಲ್ಲರೂ ಹಿಗ್ಗಿದೆವು. ಆದರೆ ಪ್ರಶಸ್ತಿ ಬರುವುದು ತಲೆ ನರೆತ ಮೇಲೆ. ಹದಿನೆಂಟು ವರ್ಷದ ಹುಡುಗನು ಪದ್ಮಶ್ರೀಯನ್ನು ನಂಬಿಕೊಂಡು ತಮಟೆ ಕಲಿಯುವುದಿಲ್ಲ. ಬರುವ ಶನಿವಾರದ ಮುನ್ನೂರು ರೂಪಾಯಿಯನ್ನು ನಂಬಿ ಕಲಿತಾನು.

ಈ ವಿಷಯವನ್ನು ನಾನು ಹಾಸ್ಟೆಲಿನಲ್ಲಿ ಎತ್ತಿದಾಗ ವಾಣಿಜ್ಯಶಾಸ್ತ್ರದ ಮಿತ್ರರೊಬ್ಬರು, “ಎಲ್ಲಾ ವ್ಯಾಪಾರದ ಹಿಕಮತ್ತು, ಜನ ಸೇರಿದರೆ ಬೀಡಿ, ಸೋಡ ಖರ್ಚಾಗುತ್ತದೆ” ಎಂದರು. ಖರ್ಚಾಗುತ್ತದೆ, ಇಲ್ಲವೆಂದವರಾರು? ಹಿಂದೆ ಕಾಫಿ ಹೋಟೆಲಿನವರು ಗ್ರಾಮಫೋನು ಇಟ್ಟದ್ದೂ ಆಮೇಲೆ ರೇಡಿಯೋ ಇಟ್ಟದ್ದೂ ಗಿರಾಕಿಯ ಮೇಲಿನ ವಾತ್ಸಲ್ಯದಿಂದಲ್ಲ. ಆದರೂ ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ನಾಗಸ್ವರದ ರೆಕಾರ್ಡನ್ನು ಮೊದಲು ಕೇಳಿದ್ದು ಅರ್ಧ ಕಪ್ಪು ಕಾಫಿಯ ಮುಂದೆ ಕೂತು. ಅಮೆರಿಕದಲ್ಲಿ ಸಂಗೀತದ ತಟ್ಟೆಗಳನ್ನು ಮಾರುವ ಚಿಕ್ಕ ಅಂಗಡಿಗಳು ಮುಚ್ಚಿಹೋಗುತ್ತಿದ್ದಾಗ ಆ ಅಂಗಡಿಯವರೆಲ್ಲ ಕೂಡಿ 2008ರ ಏಪ್ರಿಲ್ 19ರಂದು ‘ರೆಕಾರ್ಡ್ ಸ್ಟೋರ್ ಡೇ’ ಎಂದು ಒಂದು ದಿನವನ್ನು ಆಚರಿಸಿದರು. ಈಗ ಅದು ವರ್ಷವರ್ಷವೂ ಹಲವು ದೇಶಗಳಲ್ಲಿ ನಡೆಯುತ್ತದೆ. ಆ ದಿನ ಅಂಗಡಿಗಳ ಒಳಗೂ ಹೊರಗೂ ಆಯಾ ಊರಿನ ಮೇಳಗಳು ನುಡಿಸುತ್ತವೆ. ಅದೂ ವ್ಯಾಪಾರವೇ. ಲಾಭದಾಸೆಯಿದ್ದರೆ ಸಂಗೀತ ಮೈಲಿಗೆಯಾಗುತ್ತದೆಂಬ ವಾದವನ್ನು ನಾನು ಒಪ್ಪಲಾರೆ. ಮೈಲಿಗೆಯಾಗುವುದು ವಾದ್ಯದವನಿಗೆ ಕೊಡದೆ ಉಳಿಸಿಕೊಂಡಾಗ. ‘ನಿಮಗೆ ಇದರಿಂದ ಪ್ರಚಾರ ಸಿಗುತ್ತದೆ’ ಎಂದು ಹೇಳಿ ಬಿಟ್ಟಿಯಾಗಿ ನುಡಿಸಿಕೊಳ್ಳುವ ದೊಡ್ಡ ಮಳಿಗೆಗಳ ಜಾಣತನಕ್ಕಿಂತ ನಮ್ಮ ಅಂಗಡಿಯಣ್ಣನ ‘ವಾದ್ಯ’ದ ಕಲಮು ಎಷ್ಟೋ ಶುದ್ಧ.

ಇನ್ನೊಂದು ಮಾತನ್ನೂ ಗಮನಿಸಬೇಕು. ಅಂಗಡಿಗೂ ವಾಲಗಕ್ಕೂ ಇಂದು ಬಂದಿರುವ ಕುತ್ತು ಒಂದೇ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಸುತ್ತಿನ ನೆಲದ ಬೆಲೆ ಏರಿತು, ರಸ್ತೆ ಅಗಲವಾಯಿತು, ದೊಡ್ಡ ಮಳಿಗೆ ಬಂದಿತು. ಈಗ ಜೇಬಿನ ಫೋನಿನಲ್ಲಿ ಬೆರಳಾಡಿಸಿದರೆ ಸೋಪು ಮನೆಗೆ ಬರುತ್ತದೆ, ಹಾಡೂ ಬರುತ್ತದೆ. ಸೋಪು ಕೊಟ್ಟವನ ಮುಖವನ್ನೂ ನೋಡಬೇಕಾಗಿಲ್ಲ, ಹಾಡಿದವನ ಮುಖವನ್ನೂ ನೋಡಬೇಕಾಗಿಲ್ಲ. ಮುಖ ನೋಡಿ ಬದುಕುವ ಇಬ್ಬರು ಒಬ್ಬರನ್ನೊಬ್ಬರು ಆತುಕೊಂಡರೆ ಅದನ್ನು ಹಿಕಮತ್ತು ಎಂದು ಕರೆಯಲು ನನಗೆ ಮನಸ್ಸು ಬಾರದು. ಹಾಗೆಂದು ಫೋನನ್ನು ಬೈಯುವುದೂ ಇಲ್ಲ. ಹಣ ಪಡೆಯುವ ಕ್ಯೂಆರ್ ಕೋಡನ್ನು ತಮಟೆಯ ಬಳೆಗೇ ತೂಗುಹಾಕಿಕೊಂಡ ಯುವಕನೊಬ್ಬನನ್ನು ಕಂಡು ನಾನು ಮನಸಾರೆ ಸಂತೋಷಪಟ್ಟೆ. ಬಾಕಿ ಹೇಳಿ ನುಣುಚಿಕೊಳ್ಳುವ ಊರ ಹಿರಿಯರಿಗೆ ಚಿಲ್ಲರೆಯಿಲ್ಲವೆಂಬ ನೆಪ ತಪ್ಪಿತು.

ಗದ್ದಲದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷೆಗೆ ಓದುವವರು, ಹಸುಗೂಸುಗಳು, ಕಾಯಿಲೆಯವರು ಊರಿನಲ್ಲಿ ಇದ್ದೇ ಇರುತ್ತಾರೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಉತ್ಸವಗಳಿಗಾಗಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಲು ಸರ್ಕಾರಕ್ಕೆ ಅಧಿಕಾರವುಂಟು. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ತಮಟೆ ಈ ಮಿತಿಯೊಳಗೆ ನಿಲ್ಲುತ್ತದೆಂದು ನಾನು ಆಣೆಯಿಡುವುದಿಲ್ಲ. ಆದರೆ ಅಂಗಡಿಯ ಜಗಲಿಗೆ ತನ್ನದೇ ಒಂದು ಕಟ್ಟಳೆಯಿದೆ: ಒಂಬತ್ತಕ್ಕೆ ಹಲಗೆ ಹಾಕಬೇಕು, ಬೆಳಗ್ಗೆ ಐದಕ್ಕೆ ಹಾಲಿನವನು ಬರುತ್ತಾನೆ. ಅಂಗಡಿಯಣ್ಣನಿಗೆ ನಿದ್ದೆ ಬಂದರೆ ಕಚೇರಿ ಮುಗಿದಂತೆಯೇ. ಮನುಷ್ಯನ ತೋಳಿಗೂ ಉಸಿರಿಗೂ ದಣಿವುಂಟು. ದಣಿವಿಲ್ಲದ್ದು ಯಂತ್ರ.

ನನ್ನ ನಿಜವಾದ ಜಗಳ ಇರುವುದು ಆ ಯಂತ್ರದ ಸಂಗಡ, ಇನ್ನೂ ನೇರವಾಗಿ ಹೇಳುವುದಾದರೆ ಅದನ್ನು ಬಾಡಿಗೆಗೆ ತರುವ ನಮ್ಮಂಥ ಯುವಕರ ಸಂಗಡ. ಗಣಪತಿಯನ್ನು ಬಿಡುವ ದಿನ ಆಳೆತ್ತರದ ಪೆಟ್ಟಿಗೆಗಳನ್ನು ಟ್ರ್ಯಾಕ್ಟರಿನ ಮೇಲೆ ಒಟ್ಟಿ, ಎದೆಯ ಮೂಳೆ ನಡುಗುವಂತೆ ‘ಡಿಜೆ’ ಹಾಕುತ್ತೇವೆ. ಅದಕ್ಕೆ ಒಂದು ರಾತ್ರಿಗೆ ಹತ್ತಾರು ಸಾವಿರ ಬಾಡಿಗೆ. ಅದೇ ಊರಿನ ಅಂಗಡಿಗಳಿಂದ ಎತ್ತಿದ ವಂತಿಗೆ. ಊರಿನ ನಾಲ್ವರು ತಮಟೆಯವರು, ವಾಲಗದ ಜೋಡಿ, ದೊಡ್ಡಬಳ್ಳಾಪುರದಿಂದ ಬರುವ ಕ್ಲಾರಿಯೋನೆಟ್ ಬ್ಯಾಂಡ್‌ಸೆಟ್ಟು, ಎಲ್ಲರಿಗೂ ಕೂಡಿ ಕೊಟ್ಟರೂ ಆ ಮೊತ್ತದಲ್ಲಿ ಉಳಿದೀತು. ಆದರೂ, “ಡಿಜೆ ಇಲ್ಲದಿದ್ದರೆ ಪಕ್ಕದೂರಿನವರು ನಗುತ್ತಾರೆ” ಎನ್ನುವವರು ಯಾರು? ಹಗಲೆಲ್ಲ ಇದೇ ಕಾಲೇಜಿನಲ್ಲಿ ಜನಪದ ಸಾಹಿತ್ಯದ ಪಾಠ ಬರೆದುಕೊಳ್ಳುವವರು. ಪೆಟ್ಟಿಗೆಯ ಹಣ ಊರು ಬಿಟ್ಟು ಹೋಗುತ್ತದೆ. ತಮಟೆಯವನ ಹಣ ಮರುದಿನ ಬೆಳಗ್ಗೆ ಅದೇ ಅಂಗಡಿಗೆ ಬೇಳೆ, ಎಣ್ಣೆಗಾಗಿ ಹಿಂದಿರುಗುತ್ತದೆ. ಅರ್ಥಶಾಸ್ತ್ರದ ಅಧ್ಯಾಪಕರು ಇದಕ್ಕೆ ಒಂದು ಹೆಸರು ಹೇಳಿಯಾರು. ಅಂಗಡಿಯಣ್ಣನಿಗೆ ಹೆಸರು ಗೊತ್ತಿಲ್ಲ, ಲೆಕ್ಕ ಗೊತ್ತು.

ಸಂಗೀತ ಬಲ್ಲ ಹಿರಿಯರಿಂದ ಬರಬಹುದಾದ ಆಕ್ಷೇಪಣೆ ಬೇರೆ: ಜಗಲಿಯ ಹಾಡಿಕೆಯಲ್ಲಿ ಶ್ರುತಿ ನಿಲ್ಲುವುದಿಲ್ಲ, ಲಯ ಓಡುತ್ತದೆ. ನಿಜ. ನಮ್ಮ ಭಜನೆಯವರ ಹಾರ್ಮೋನಿಯಮ್ಮಿನಲ್ಲಿ ಎರಡು ಮನೆಗಳು ಒತ್ತಿದರೆ ಏಳುವುದಿಲ್ಲ. ಆದರೆ ಕಲಿಯುವವನು ಎಲ್ಲಿ ತಪ್ಪಬೇಕು? ಸಭೆಯವರು ತಪ್ಪದವರನ್ನೇ ಕರೆಯುತ್ತಾರೆ, ಆಕಾಶವಾಣಿಗೆ ಪರೀಕ್ಷೆಯುಂಟು. ಎಡವಿದರೂ ಎದ್ದು ಮುಂದುವರಿಯಬಹುದಾದ ಸ್ಥಳ ಬಯಲೊಂದೇ. ಫ್ರಾನ್ಸ್ ದೇಶದಲ್ಲಿ ಸಂಸ್ಕೃತಿ ಸಚಿವರಾಗಿದ್ದ ಜಾಕ್ ಲಾಂಗ್ ಎಂಬವರ ಕಾಲದಲ್ಲಿ, 1982ರ ಜೂನ್ 21ರಂದು, ವಾದ್ಯ ಬಲ್ಲ ಯಾರೇ ಆಗಲಿ ಬೀದಿಗೆ ಬಂದು ನುಡಿಸಿರೆಂದು ಕರೆಕೊಟ್ಟರು. ಪಳಗಿದವರೂ ಪಳಗದವರೂ ಬಂದರು. ಈಗ ಅದು ಅಲ್ಲಿ ವರ್ಷಾವಧಿಯ ಹಬ್ಬ; ಕಾಫಿ ಅಂಗಡಿಗಳ ಮುಂದಣ ಕಾಲುದಾರಿಯೇ ವೇದಿಕೆ. ಅಲ್ಲಿಯೂ ಶ್ರುತಿ ತಪ್ಪುವವರು ಇದ್ದೇ ಇದ್ದಾರು. ನಾಗಸ್ವರವನ್ನೇ ನೋಡಿ: ಅದು ಬಯಲಿಗೆಂದೇ, ಬೀದಿಯ ಉತ್ಸವಕ್ಕೆಂದೇ ಆದ ವಾದ್ಯ. ಅದನ್ನು ಕಲ್ಯಾಣಮಂಟಪದ ತಗಡಿನ ಮಾಡಿನ ಕೆಳಗೆ ಕೂರಿಸಿ, ಬಾಯಿಗೆ ಮೈಕನ್ನೂ ಹಿಡಿದು, ಊಟಕ್ಕೆ ನೂಕುನುಗ್ಗಲಾಡುವವರ ನಡುವೆ ನುಡಿಸಿರೆನ್ನುವ ನಾವು ಶ್ರುತಿಯ ಮಾತಾಡಬಾರದು.

ಈಗ ನಮ್ಮ ಕಾಲೇಜಿನ ವಿಷಯಕ್ಕೆ ಬರುತ್ತೇನೆ. ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಆರ್ಕೆಸ್ಟ್ರಾ ತರಿಸುತ್ತೇವೆ. ಸಿನಿಮಾ ಹಾಡು, ಬಣ್ಣದ ದೀಪ, ಹೊಗೆಯ ಯಂತ್ರ. ಬೇಡವೆನ್ನುವುದಿಲ್ಲ, ನಾನೂ ಮುಂದಿನ ಸಾಲಿನಲ್ಲಿಯೇ ಕೂತವನು. ಆದರೆ ವಿದ್ಯಾರ್ಥಿ ಸಂಘದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ನಾವು ನಾವು ಬಂದ ಊರುಗಳಲ್ಲಿ ಜಗಲಿಯುಳ್ಳ ಒಬ್ಬ ಅಂಗಡಿಯವನನ್ನು ಒಪ್ಪಿಸಿ, ಅರ್ಧ ಅವನದು, ಅರ್ಧ ಸಂಘದ್ದು ಎಂದು ವರ್ಷಕ್ಕೆ ನಾಲ್ಕು ಸಂಜೆ ಊರ ಮೇಳಗಳನ್ನು ನುಡಿಸಿಸಬಾರದೇಕೆ? ಸಂಭಾವನೆ ಎಷ್ಟೆಂಬುದನ್ನು ಮುಂಚಿತವಾಗಿ ಹೇಳಬೇಕು. ನುಡಿಸುವ ಮೊದಲೇ ಕೊಡಬೇಕು. ಸ್ವಾಗತ ಭಾಷಣ ಇರಕೂಡದು. ಶಾಲು, ಹಾರ, ಫಲಕ ಬೇಡ. ಆ ಹಣವನ್ನೂ ವಾದ್ಯದವರಿಗೇ ಸೇರಿಸಬೇಕು. ಕುರ್ಚಿ ಇರುವುದಾದರೆ ಮೊದಲು ವಾದ್ಯದವರಿಗೆ, ಉಳಿದರೆ ಗ್ರಾಮ ಪಂಚಾಯಿತಿಯ ಸದಸ್ಯರಿಗೆ. ಈ ಕೊನೆಯ ನಿಯಮದಿಂದ ಕೆಲವು ಊರುಗಳಲ್ಲಿ ಸಂಜೆಯೇ ನಡೆಯದೆ ಹೋಗಬಹುದೆಂಬುದು ನನಗೆ ಗೊತ್ತಿದೆ.

ರಾಜಘಟ್ಟದ ಮಟ್ಟಿಗೆ ನಾನು ಆಗಲೇ ಮಾತಾಡಿ ಬಂದಿದ್ದೇನೆ. ಅಂಗಡಿಯಣ್ಣ ಒಪ್ಪಿದ್ದಾನೆ, ಆದರೆ ಪರೀಕ್ಷೆಯ ತಿಂಗಳು ಬೇಡವೆಂದ. ಅವನ ಮಗಳು ಈ ವರ್ಷ ಎಸ್.ಎಸ್.ಎಲ್.ಸಿ. ತಮಟೆಯವರಲ್ಲಿ ಹಿರಿಯರು, “ಮುನ್ನೂರು ಸಾಲದು ಸಾಮಿ, ನಾನೂರು ಮಾಡಿ” ಎಂದರು. ನಾನು ಕೇಳಿನೋಡುತ್ತೇನೆಂದು ಹೇಳಿ ಬಂದೆ. ಸಂಘದ ಕಾರ್ಯದರ್ಶಿಗಳು ಈ ಲೇಖನವನ್ನು ಓದಿದಲ್ಲಿ, ತಲೆಗೆ ನೂರರಂತೆ ಹೆಚ್ಚುವರಿ ನಾಲ್ಕು ನೂರು ರೂಪಾಯಿಗಳ ಬಗೆಗೆ ಅವರ ಉತ್ತರಕ್ಕಾಗಿ ಕಾಯುತ್ತಿದ್ದೇನೆ.